ಎರಡು ಹೆಸರಿನ ಸಾಲ

ಒಣಗಿದ ನಾಲೆಗೆ ವರ್ಷದ ಮೊದಲ ನೀರು ಬರುವಾಗ ಒಂದು ವಾಸನೆ ಏಳುತ್ತದೆ. ಬೇಸಿಗೆಯಿಡೀ ಬಿರುಕು ಬಿಟ್ಟ ಹೂಳು, ದಡದ ಸುಟ್ಟ ಹುಲ್ಲು, ಬಸವನಹುಳುವಿನ ಖಾಲಿ ಚಿಪ್ಪು, ಯಾರೋ ಎಸೆದ ಗೊಬ್ಬರದ ಚೀಲ, ಎಲ್ಲವೂ ಒಟ್ಟಿಗೆ ನೆನೆದಾಗಿನ ವಾಸನೆ ಅದು. ನಮ್ಮ ಕೊತ್ತತ್ತಿಯಲ್ಲಿ ಅದನ್ನು ಬೇಡವೆನ್ನುವವರಿಲ್ಲ. ನೀರು ಬಂತೆಂದರೆ ಭತ್ತದ ಸಸಿಗೆ ಒಟ್ಟಲು ಹಾಕಬಹುದು, ಕಬ್ಬಿಗೆ ಜೀವ ಬರುತ್ತದೆ, ಸಂಜೆ ಹೊತ್ತು ಸೇತುವೆಯ ಮೇಲೆ ನಿಂತು ಮಾತಾಡಲು ಒಂದು ನೆಪ ಸಿಗುತ್ತದೆ. ಕಳೆದ ವಾರ ನಾನು ಕೆಲಸದಿಂದ ಬರುವಾಗಲೂ ಹಾಗೆಯೇ ಹತ್ತಾರು ಜನ ಗಾಡಿ ನಿಲ್ಲಿಸಿಕೊಂಡು ನೀರು ನೋಡುತ್ತಿದ್ದರು. ನಾನೂ ಸ್ಕೂಟಿ ನಿಲ್ಲಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ಕೈ ತಾನಾಗಿ ಬ್ಯಾಗಿನಲ್ಲಿದ್ದ ಫೋನಿನ ಕಡೆ ಹೋಯಿತು. ಎರಡು ವರ್ಷದ ಹಿಂದೆ, ಇಂಥದೇ ಒಂದು ಆಷಾಢದ ಸಂಜೆ, ಇದೇ ಸೇತುವೆಯ ಮೇಲೆ ನಿಂತಿದ್ದಾಗ ನನ್ನ ಫೋನು ಬಡಿದುಕೊಂಡಿತ್ತು.

"ಪವಿತ್ರ ಅವ್ರಾ? ನಿಮ್ಮ ಸಾಲದ ವಿಷ್ಯ ಮಾತಾಡ್ಬೇಕಿತ್ತು," ಎಂದ ಆ ಕಡೆಯವನು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಅಕೌಂಟು ಈಗ ವಸೂಲಿಗೆ ಅಂತ ನಮ್ಮ ಕೈಗೆ ಬಂದಿದೆ. ನನ್ನ ಹೆಸರು ಮಹೇಶ. ಇನ್ಮೇಲೆ ದಿನಾ ಮಾತಾಡ್ತಾ ಇರ್ತೀನಿ."

ಅವನು ಆಡಿದ ಮಾತು ಉಳಿಸಿಕೊಂಡ. ಆಮೇಲೆ ಎಷ್ಟೋ ವಾರ ದಿನವೂ ಮಾತಾಡಿದ.

ನಾನು ಡಯಾಲಿಸಿಸ್ ಟೆಕ್ನಿಷಿಯನ್. ಕಿಡ್ನಿ ಕೆಲಸ ನಿಲ್ಲಿಸಿದವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ, ಶುದ್ಧ ಮಾಡಿ, ಮತ್ತೆ ಮೈಗೆ ಸೇರಿಸುವ ಕೆಲಸ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಅವ್ವ ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದಳು. ಮೈಸೂರಿನ ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಬ್ಯಾಂಕಿನವರು ಅಡಮಾನಕ್ಕೆ ಏನಿದೆ ಎಂದು ಕೇಳಿದರು. ಇಡಲು ನಮ್ಮಲ್ಲಿ ಏನೂ ಇರಲಿಲ್ಲ. ಕೊನೆಗೆ ಸಾಲ ಕೊಟ್ಟದ್ದು ಒಂದು ಖಾಸಗಿ ಫೈನಾನ್ಸ್ ಕಂಪನಿ. ಅವರಿಗೆ ಅಡಮಾನ ಬೇಡ, ಸಂಬಳದಾರರೊಬ್ಬರು ನನ್ನ ಜೊತೆ ಸಹಿ ಹಾಕಿದರೆ ಸಾಕು. ಬಡ್ಡಿ ಮಾತ್ರ ಬ್ಯಾಂಕಿಗಿಂತ ಜಾಸ್ತಿ. ಹಾಗೆ ಸಹಿ ಹಾಕಿದವನು ಅವ್ವನ ತಮ್ಮ, ನನ್ನ ಸೋದರಮಾವ ಸಿದ್ದರಾಜು. ಕಿರುಗಾವಲಿನಲ್ಲಿ ಮನೆ, ಮಳವಳ್ಳಿಯಿಂದ ಸರ್ಕಾರಿ ಬಸ್ಸು ಓಡಿಸುವ ಕೆಲಸ. ಅಂದು ಕಾಗದದ ಕಟ್ಟನ್ನು ಮುಂದಿಟ್ಟಾಗ ಅವನು ಓದಲೂ ಇಲ್ಲ. "ಓದ್ಬೇಕಾದವ್ಳು ನೀನು. ನಾನ್ಯಾಕ್ ಓದ್ಲಿ?" ಎಂದು, ಎಲ್ಲೆಲ್ಲಿ ಬೆರಳಿಟ್ಟು ತೋರಿಸಿದರೋ ಅಲ್ಲೆಲ್ಲ ಸಹಿ ಹಾಕಿ ಡ್ಯೂಟಿಗೆ ಹೊರಟುಹೋದ.

ಓದು ಮುಗಿದ ಮೇಲೆ ಮದ್ದೂರಿನ ಒಂದು ಖಾಸಗಿ ಡಯಾಲಿಸಿಸ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷ ಒಂದು ಕಂತೂ ತಪ್ಪಲಿಲ್ಲ. ಆಮೇಲೆ ಸೆಂಟರಿನ ಮಾಲೀಕರು ಸಂಬಳ ನಿಲ್ಲಿಸಿದರು. ಮುಂದಿನ ತಿಂಗಳು ಒಟ್ಟಿಗೆ ಕೊಡುತ್ತೇವೆ ಎಂದರು. ಆ ಮುಂದಿನ ತಿಂಗಳು ಬರಲೇ ಇಲ್ಲ. ನನ್ನ ಜೊತೆಗಿದ್ದ ಟೆಕ್ನಿಷಿಯನ್ ಬೇರೆ ಕೆಲಸ ಹುಡುಕಿಕೊಂಡು ಹೋದ. ನಾನೂ ಹೋಗಬಹುದಿತ್ತು. ಆದರೆ ವಾರಕ್ಕೆ ಎರಡು ಮೂರು ಸಲ ಬಂದು ಯಂತ್ರಕ್ಕೆ ಮೈಯೊಡ್ಡಿ ಮಲಗುವ ಅಷ್ಟೂ ಜನ ನನ್ನನ್ನೇ ನೆಚ್ಚಿಕೊಂಡಿದ್ದರು. ಆತಗೂರಿನ ಕಡೆಯ ಒಬ್ಬ ಹೆಂಗಸು ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಳು. ಒಂದು ಸರದಿ ತಪ್ಪಿದರೆ ಅವಳ ಕಾಲು ಬಾತುಕೊಂಡು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಇನ್ನೊಂದು ತಪ್ಪಿದರೆ ಮಲಗಿದಲ್ಲಿ ಉಸಿರು ಕಟ್ಟುತ್ತಿತ್ತು. ಅವಳನ್ನು ಬಾಗಿಲಿಂದ ವಾಪಸು ಕಳಿಸುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಅವ್ವ ಹೊಲಿದದ್ದರಲ್ಲಿ ಊಟ ನಡೆಯಿತು, ಬಸ್ಸು ಹೇಗೂ ಹೆಂಗಸರಿಗೆ ಬಿಟ್ಟಿ. ಕಂತು ಮಾತ್ರ ನಿಂತಿತು. ಬೌನ್ಸಾದ ಪ್ರತಿ ಕಂತಿಗೂ ದಂಡ ಬಿತ್ತು, ದಂಡಕ್ಕೂ ಬಡ್ಡಿ ಹತ್ತಿತು. ಮಹೇಶ ಫೋನು ಮಾಡುವ ಹೊತ್ತಿಗೆ ಬಾಕಿ ನಾಲ್ಕೂವರೆ ಲಕ್ಷವಾಗಿತ್ತು. ಮೊದಲು ಎತ್ತಿದ್ದ ಸಾಲಕ್ಕಿಂತಲೂ ಅದು ಹೆಚ್ಚು.

ಶ್ರಾವಣ ಹುಟ್ಟುವಷ್ಟರಲ್ಲಿ ಅವನ ದನಿ ಬದಲಾಯಿತು. "ನೀವು ಕಟ್ಟದಿದ್ರೆ ನಾವು ಕೇಳೋ ಜಾಗ ಬೇರೆ ಇದೆ ಮೇಡಂ," ಎಂದು ಒಂದು ಬೆಳಿಗ್ಗೆ ಹೇಳಿದ. ನಾನು ಯಂತ್ರದ ಪರದೆ ನೋಡುತ್ತ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡಿದ್ದೆ. ಮಾತಿನ ಅರ್ಥ ಆಗ ಹೊಳೆಯಲಿಲ್ಲ. ಹೊಳೆದದ್ದು ಕಿರುಗಾವಲಿನಿಂದ ಅತ್ತೆ, ಎಂದರೆ ಮಾವನ ಹೆಂಡತಿ ಜಯಮ್ಮ, ಅವ್ವನಿಗೆ ಫೋನು ಮಾಡಿದಾಗ.

ಮಳವಳ್ಳಿ ಬಸ್ ನಿಲ್ದಾಣದಲ್ಲಿ, ಜನ ತುಂಬಿ ಹೊರಡಲು ನಿಂತಿದ್ದ ಬಸ್ಸಿನ ಮುಂದೆ ಇಬ್ಬರು ಬೈಕು ಅಡ್ಡ ನಿಲ್ಲಿಸಿದ್ದರು. ಡ್ರೈವರ್ ಸೀಟಿನ ಕಡೆ ತಲೆಯೆತ್ತಿ ಮಾವನ ಹೆಸರು ಹಿಡಿದು ಕರೆದು, ಸಾಲ ಎಷ್ಟು, ಎಷ್ಟು ತಿಂಗಳಿಂದ ಕಟ್ಟಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದರು. ಕಂಡಕ್ಟರು ಇಳಿದು ಹೋಗಿ ಅವರನ್ನು ಸರಿಸಬೇಕಾಯಿತಂತೆ. ಮಾವ ಒಂದು ಮಾತೂ ಆಡದೆ ಬಸ್ಸು ಹೊರಡಿಸಿ, ಮೈಸೂರಿಗೆ ಹೋಗಿ ಬಂದು, ಮನೆಯಲ್ಲಿ ಉಣ್ಣದೆ ಮಲಗಿದನಂತೆ.

ಮಾರನೆಯ ದಿನವೇ ಅವ್ವ ನಾನು ಕಿರುಗಾವಲಿಗೆ ಹೋದೆವು. ಜಡಿಮಳೆ ಹಿಡಿದಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ.

"ನಿಮ್ ತಮ್ಮ ಬಸ್ಸತ್ತಿ ಇಷ್ಟು ವರ್ಸ ಆಯ್ತು. ಒಂದು ಆಕ್ಸಿಡೆಂಟ್ ಮಾಡಿಲ್ಲ, ಒಬ್ರ ಕೈಲಿ ಒಂದು ಮಾತು ಅನ್ನುಸ್ಕಂಡಿಲ್ಲ," ಎಂದು ಅವ್ವನಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಓದ್ಕಂಡವ್ಳು ನೀನು, ಬೈಸ್ಕಂಡವ್ರು ಅವ್ರು. ಅಲ್ನೋಡು."

ಅವಳು ತೋರಿಸಿದ ಕಡೆ, ಹಳೆಯ ಮನೆಯ ಪಕ್ಕದಲ್ಲಿ, ಕಟ್ಟುತ್ತಿದ್ದ ಹೊಸ ಮನೆ ಕಿಟಕಿಯ ಎತ್ತರಕ್ಕೆ ನಿಂತುಹೋಗಿತ್ತು. ಕಂಬಿಗಳ ತುಕ್ಕು ಮಳೆಗೆ ಕರಗಿ ಗೋಡೆಯ ಮೇಲೆ ಕೆಂಪಗೆ ಇಳಿದಿತ್ತು. ಮುಂದಕ್ಕೆ ಕಟ್ಟಲು ಸಾಲ ಕೇಳಿದರೆ, ನಿಮ್ಮ ಹೆಸರಿನಲ್ಲಿ ಕಟ್ಟದ ಸಾಲವೊಂದಿದೆ ಎಂದು ಬ್ಯಾಂಕಿನವರು ಕಂಪ್ಯೂಟರಿನಲ್ಲಿ ತೋರಿಸಿ ಕಳಿಸಿದ್ದರು. ಅದಾಗಿ ಎರಡು ತಿಂಗಳಾಗಿತ್ತು. ನನಗೆ ಗೊತ್ತಿರಲಿಲ್ಲ. ಮಾವ ನಮಗೆ ಹೇಳಿರಲಿಲ್ಲ.

"ಅತ್ತೆ, ಸಂಬ್ಳ ಬಂದ ತಕ್ಷಣ ಕಟ್ಟಕ್ಕೆ..." ಎಂದು ಶುರು ಮಾಡಿದೆ.

"ಅದ್ನ ನಂಗ್ಯಾಕೆ ಏಳ್ತೀಯ? ಬಸ್ಸಿನ ಮುಂದೆ ನಿಂತ್ಕಂಡಿದ್ರಲ್ಲ, ಅವ್ರಿಗೇಳು."

ಒಳಗಿನಿಂದ ಮಾವ ಕೆಮ್ಮಿದ್ದು ಕೇಳಿಸಿತು. ಅವನು ಎದ್ದು ಬರುತ್ತಾನೆ ಎಂದು ಕಾದೆವು. ಬರಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಬಾ ಪವಿ," ಎಂದಳು. ತವರಿನಿಂದ ಒಂದು ಲೋಟ ನೀರೂ ಕುಡಿಯದೆ ಅವ್ವ ಹಿಂದಿರುಗಿದ್ದು ಅದೇ ಮೊದಲು. ಬಸ್ಸಿನಲ್ಲಿ ನಾನು ಏನೋ ಹೇಳಲು ಹೋದೆ. "ಸುಮ್ಕಿರು," ಎಂದು ಕಿಟಕಿಯ ಕಡೆ ತಿರುಗಿ ಕೂತಳು.

ಆ ಹೊತ್ತಿನಲ್ಲಿ ನನಗೆ ದಾರಿ ತೋರಿಸಿದವರು ಶ್ರೀನಿವಾಸಮೂರ್ತಿಗಳು. ಮದ್ದೂರು ಪೇಟೆಯವರು, ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ನಮ್ಮಲ್ಲಿ ಕಿಟಕಿ ಪಕ್ಕದ ಹಾಸಿಗೆ ಅವರದು. ಸೂಜಿ ಚುಚ್ಚುವಾಗ ಯಾವಾಗಲೂ ಮುಖವನ್ನು ಆಚೆ ತಿರುಗಿಸಿಕೊಳ್ಳುತ್ತಿದ್ದರು. ಆ ದಿನ ತಿರುಗಿಸಲಿಲ್ಲ.

"ನಿನ್ನ ಕೈ ನಡುಗ್ತಾ ಇದೆಯಲ್ಲಮ್ಮ," ಎಂದರು. "ನನಗೆ ನನ್ನ ತೋಳಿನ ಮೇಲೆ ಇನ್ನೂ ಸ್ವಲ್ಪ ಆಸೆ ಇದೆ. ಏನಾಯ್ತು ಹೇಳಿಬಿಡು, ಆಮೇಲೆ ಚುಚ್ಚು."

ಹೇಳಿದೆ. ಯಂತ್ರ ತಿರುಗುತ್ತಿದ್ದ ನಾಲ್ಕು ಗಂಟೆಯಲ್ಲಿ ಬಿಡುವಾದಾಗಲೆಲ್ಲ ಹೋಗಿ ಒಂದಷ್ಟು ಹೇಳಿ ಬರುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಕೊನೆಗೆ, "ಸರ್ವಿಸಿನ ಕೊನೇ ಕಾಲದಲ್ಲಿ ನಾನು ಮಾಡಿದ್ದೂ ಈ ವಸೂಲಿ ಕೆಲಸಾನೇ," ಎಂದರು. "ಇಷ್ಟು ಹಿಂದೆ ಬಿದ್ದ ಸಾಲ ಪೂರ್ತಿ ಬರುತ್ತೆ ಅಂತ ಕೊಟ್ಟವರೇ ನಂಬಿರೋದಿಲ್ಲ. ಒಂದೇ ಸಲಕ್ಕೆ ಇಷ್ಟು ಕೊಡ್ತೀನಿ, ಲೆಕ್ಕ ಮುಗಿಸಿ ಅಂತ ಕೇಳು. ಸೆಟ್ಲ್‌ಮೆಂಟ್ ಅಂತಾರೆ ಅದಕ್ಕೆ."

"ತಗೊಂಡಿದ್ದನ್ನ ಪೂರ್ತಿ ಕೊಡದೇನಾ ಸರ್?"

"ಅದಕ್ಕೆ ಬೆಲೆ ಇದೆ. ಪೂರ್ತಿ ಕಟ್ಟಿಲ್ಲ, ರಾಜಿ ಮಾಡ್ಕೊಂಡರು ಅಂತ ನಿನ್ನ ಹೆಸರಿನ ಮುಂದೆ ಬರೆದಿಡ್ತಾರೆ. ಕೆಲವು ವರ್ಷ ಯಾರೂ ಸುಲಭಕ್ಕೆ ಸಾಲ ಕೊಡೋದಿಲ್ಲ."

"ಮಾವನ ಹೆಸರಿನ ಮುಂದೂ?"

"ಅವರದರ ಮುಂದೂ. ಆದರೂ ಈಗಿರೋದಕ್ಕಿಂತ ಮೇಲು." ಅವರು ಕಣ್ಣು ತೆರೆದು ನನ್ನನ್ನು ನೋಡಿದರು. "ಒಂದು ಮಾತು ನೆನಪಿಟ್ಕೋ. ಬರವಣಿಗೆ ಕೈಗೆ ಬರೋವರೆಗೂ ಒಂದು ರೂಪಾಯಿ ಕೊಡಬೇಡ. ಆ ಬರವಣಿಗೆಯಲ್ಲಿ ಎರಡು ಹೆಸರೂ ಇರಬೇಕು. ನಿನ್ನೊಬ್ಬಳನ್ನ ಬಿಟ್ಟು, ಉಳಿದ ಬಾಕಿಗೆ ಸರ್ಕಾರಿ ಸಂಬಳದ ನಿನ್ನ ಮಾವನ ಮೇಲೆ ಕೇಸು ಹಾಕೋದು ಅವರಿಗೆ ಸುಲಭ. ಸೆಪ್ಟೆಂಬರ್ ಕೊನೆಗೆ ಅವರಿಗೂ ಲೆಕ್ಕ ಒಪ್ಪಿಸೋ ಅವಸರ ಇರುತ್ತೆ. ಅಲ್ಲಿವರೆಗೆ ಎಳಿ."

ಎಳೆಯುವುದು ಎಷ್ಟು ಕಷ್ಟ ಎಂದು ಆಗ ನನಗೆ ತಿಳಿದಿರಲಿಲ್ಲ. ಎರಡು ಲಕ್ಷ ಒಂದೇ ಸಲ ಕೊಡುತ್ತೇನೆ ಎಂದು ಮಹೇಶನಿಗೆ ಹೇಳಿದಾಗ ಅವನು ನಕ್ಕ. ನಾಲ್ಕಕ್ಕಿಂತ ಕಡಿಮೆಗೆ ಮಾತೇ ಬೇಡ ಎಂದ. ಒಂದು ವಾರ ಫೋನು ಮಾಡಲಿಲ್ಲ. ಆ ಮೌನಕ್ಕೆ ನಾನು ಇನ್ನೂ ಹೆದರಿದೆ. ಮದ್ದೂರಿಗೆ ಹೋಗುವ ಬಸ್ಸು ನಿಂತಲ್ಲೆಲ್ಲ ಕಿಟಕಿಯಿಂದ ತಲೆ ಹಾಕಿ, ಬೈಕಿನಲ್ಲಿ ಇಬ್ಬರು ಕೂತವರು ಕಂಡರೆ ಸೀಟಿನಲ್ಲಿ ಕುಸಿದು ಕೂರುತ್ತಿದ್ದೆ. ಮತ್ತೆ ಫೋನು ಬಂತು. ಈ ಸಲ ಅವನ ಮಾತು ಮೆತ್ತಗಿತ್ತು. "ನನ್ನ ನಂಬರಿಗೆ ಇಪ್ಪತ್ತು ಸಾವಿರ ಹಾಕಿ ಮೇಡಂ. ಮೇಲಿನವರ ಹತ್ರ ಫೈಲು ನಾನೇ ತಳ್ಳುಸ್ತೀನಿ. ಮೂರಕ್ಕೆ ಮುಗಿಸ್ಕೊಡ್ತೀನಿ."

"ಕಂಪನಿ ಅಕೌಂಟಿಗೆ ಬಿಟ್ಟು ಬೇರೆ ಎಲ್ಲಿಗೂ ಹಾಕಲ್ಲ," ಎಂದೆ. "ಹಂಗಾದ್ರೆ ಮಾವನ್ನೇ ಕೇಳ್ತೀವಿ," ಎಂದು ಫೋನಿಟ್ಟ. ಆ ದಿನ ಮಧ್ಯಾಹ್ನವೆಲ್ಲ ನನಗೆ ಮಳವಳ್ಳಿ ಬಸ್ ನಿಲ್ದಾಣವೇ ಕಣ್ಣ ಮುಂದೆ. ಮೂರ್ತಿಗಳು ಹೇಳಿದರೆಂದು, ನಡೆದದ್ದನ್ನೆಲ್ಲ ಬರೆದು ಕಂಪನಿಯ ಮಂಡ್ಯದ ಆಫೀಸಿಗೂ ದೂರು ವಿಭಾಗಕ್ಕೂ ಕಳಿಸಿದೆ. ಬಸ್ಸಿನ ಹತ್ತಿರ ಮತ್ತೆ ಯಾರೂ ಹೋಗಲಿಲ್ಲ. ಆಮೇಲಿನ ಮಾತುಕತೆ ಮಂಡ್ಯದ ಮ್ಯಾನೇಜರ ಜೊತೆಯೇ ನಡೆಯಿತು.

ಅಷ್ಟರಲ್ಲಿ ಸೆಂಟರು ಬೇರೆಯವರ ಕೈಗೆ ಹೋಯಿತು. ಹೊಸಬರು ನನ್ನನ್ನು ಉಳಿಸಿಕೊಂಡರು. ನಾನು ಲೇಬರ್ ಆಫೀಸಿನಲ್ಲಿ ಕೊಟ್ಟಿದ್ದ ಅರ್ಜಿಗೆ ಹೆದರಿ ಹಳೆಯ ಮಾಲೀಕರು ಬಾಕಿ ಸಂಬಳದಲ್ಲಿ ಅರ್ಧ ಕೊಟ್ಟು ಕೈ ತೊಳೆದುಕೊಂಡರು. ಅದು ಸಾಲುತ್ತಿರಲಿಲ್ಲ. ಅವ್ವ ಕೊರಳಿನ ಎರಡೆಳೆ ಸರ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿಕೊಂಡು ನನ್ನ ಜೊತೆ ಮಂಡ್ಯ ಪೇಟೆಗೆ ಬಂದಳು. ಅಂಗಡಿಯ ಮೆಟ್ಟಿಲಲ್ಲಿ ನಾನು ಅವಳ ಕೈ ಹಿಡಿದುಕೊಂಡೆ.

"ಮಾರೋದು ಬ್ಯಾಡ ಅವ್ವ. ಅಡ ಇಡಣ. ಆಮೇಲೆ ಬಿಡುಸ್ಕಳಣ."

"ಇನ್ನೊಂದು ಸಾಲ ಬ್ಯಾಡ ಕಣಮ್ಮಿ," ಎಂದು ಅವ್ವ ನನ್ನನ್ನು ಸರಿಸಿ ಒಳಗೆ ಹೋದಳು. ಹೊರಗೆ ಬಂದ ಮೇಲೆ ಬರಿಗೊರಳನ್ನು ಸೆರಗಿನಿಂದ ಮುಚ್ಚಿಕೊಂಡು, "ಎಷ್ಟು ಅಗುರಾಗದೆ," ಎಂದು ನಗಲು ನೋಡಿದಳು. ನನಗೆ ನಗು ಬರಲಿಲ್ಲ.

ಮ್ಯಾನೇಜರು ಇಳಿದು ಇಳಿದು ಎರಡೂವರೆ ಲಕ್ಷಕ್ಕೆ ಒಪ್ಪಿದರು. ಸೆಪ್ಟೆಂಬರ್ ಕೊನೆಯ ವಾರ ಫೋನಿಗೆ ಕಂಪನಿಯ ಪತ್ರ ಬಂತು. ಶನಿವಾರ ಸಂಜೆಯೊಳಗೆ ಅಷ್ಟನ್ನು ಒಂದೇ ಸಲ ಕಟ್ಟಿದರೆ, ಪವಿತ್ರ ಎಂಬ ನನ್ನಿಂದ ಬರಬೇಕಾದ ಬಾಕಿ ಮುಗಿದಂತೆ. ಎರಡು ಸಲ ಓದಿದೆ. ಮಾವನ ಹೆಸರು ಎಲ್ಲೂ ಇರಲಿಲ್ಲ. ಮೂರ್ತಿಗಳನ್ನು ಕೇಳೋಣವೆಂದರೆ ಕಿಟಕಿ ಪಕ್ಕದ ಹಾಸಿಗೆ ಖಾಲಿ. ಹಿಂದಿನ ದಿನ ಜ್ವರ ಏರಿ ಅವರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದರು. ಅವರ ಮಗನಿಗೆ ಫೋನು ಮಾಡಿದೆ. "ಐಸಿಯುನಲ್ಲಿದ್ದಾರಮ್ಮ. ನಮ್ಮನ್ನೇ ಒಳಗೆ ಬಿಡ್ತಿಲ್ಲ," ಎಂದರು.

ಶನಿವಾರ ಮಧ್ಯಾಹ್ನ ಒಬ್ಬಳೇ ಮಂಡ್ಯದ ಆಫೀಸಿಗೆ ಹೋದೆ. ಪೇಟೆಯ ನಡುವೆ, ಬಟ್ಟೆ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲ ಕೆಳಗೆ, ಒದ್ದೆ ಕೊಡೆ ಹಿಡಿದು, ಖಾಕಿ ಬಟ್ಟೆಯಲ್ಲೇ ಮಾವ ನಿಂತಿದ್ದ. ಅವ್ವ ಫೋನು ಮಾಡಿದ್ದಳಂತೆ. ಬಸ್ಸಿನ ಮುಂದೆ ಆ ಗಲಾಟೆಯಾದ ಮೇಲೆ ನಾನು ಅವನ ಮುಖ ನೋಡಿದ್ದು ಆಗಲೇ ಮೊದಲು. ಗಡ್ಡ ಬೆಳ್ಳಗಾಗಿತ್ತು. "ಒಬ್ಳೇ ಓಗ್ತಾವ್ಳೆ ಅಂದ್ಲು ಅಕ್ಕ," ಎಂದ. ಅಷ್ಟೇ. ನನಗಿಂತ ಮುಂದಾಗಿ ಮೆಟ್ಟಿಲು ಹತ್ತಿದ.

ಮ್ಯಾನೇಜರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕುರ್ಚಿ ತೋರಿಸಿ ನೀರು ತರಿಸಿದರು. ನಾನು ಫೋನಿನಲ್ಲಿ ಪತ್ರ ತೆರೆದು ಅವರ ಮುಂದಿಟ್ಟೆ.

"ಇದರಲ್ಲಿ ನನ್ನ ಹೆಸರೊಂದೇ ಇದೆ ಸರ್. ಮಾವನ ಹೆಸರೂ ಬರಬೇಕು. ಇಬ್ಬರಿಂದಲೂ ಇನ್ನೇನೂ ಬಾಕಿ ಇಲ್ಲ ಅಂತ."

"ಅದು ಫಾರ್ಮ್ಯಾಟು ಮೇಡಂ. ನಿಮ್ಮದು ಮುಗಿದ್ರೆ ಅವರದ್ದೂ ಮುಗಿದ ಹಾಗೇ."

"ಹಾಗಿದ್ರೆ ಅದನ್ನೇ ಬರೆದುಕೊಡಿ."

"ಪತ್ರ ಬರೋದು ಹೆಡ್ ಆಫೀಸಿಂದ. ನಾನು ಇಲ್ಲಿ ಕೂತು ತಿದ್ದೋಕಾಗಲ್ಲ." ಅವರು ಕೈಗಡಿಯಾರ ನೋಡಿಕೊಂಡರು. "ಸಂಜೆ ಐದೂವರೆಗೆ ಸಿಸ್ಟಮ್ ಮುಚ್ಚುತ್ತೆ. ಅಷ್ಟರಲ್ಲಿ ಬರಲಿಲ್ಲ ಅಂದ್ರೆ ಈ ಆಫರ್ ಹೋಯ್ತು. ಆಮೇಲೆ ಪೂರ್ತಿ ನಾಲ್ಕೂವರೆನೇ. ಅದೂ ಕೋರ್ಟಲ್ಲಿ. ಯೋಚನೆ ಮಾಡಿ."

ಕಟ್ಟಲೆಂದೇ ಬಂದಿದ್ದೆ. ಕಂಪನಿಯ ಹೆಸರಿಗೆ ತುಂಬಿದ ಚೆಕ್ಕು ಬ್ಯಾಗಿನಲ್ಲಿತ್ತು. ಅವ್ವನ ಸರದ ದುಡ್ಡು, ನನ್ನ ಬಾಕಿ ಸಂಬಳದಲ್ಲಿ ಸಿಕ್ಕ ಅರ್ಧ ದುಡ್ಡು, ಎಲ್ಲ ಆ ಚೆಕ್ಕಿನ ಮೇಲೆ ಒಂದು ಸಾಲಿನಲ್ಲಿ ಕೂತಿತ್ತು. ಹೊರಗೆ ಮಳೆ ಜೋರಾಯಿತು. ಕೆಳಗಿನ ಅಂಗಡಿಯವರು ತಗಡಿನ ಶೀಟು ಎಳೆಯುವ ಸದ್ದು ಕೇಳಿಸಿತು. ಕಟ್ಟಿದರೆ ಈ ಸಂಜೆಯಿಂದಲೇ ನನ್ನ ಫೋನು ಸುಮ್ಮನಾಗುತ್ತದೆ ಎಂದು ಅನ್ನಿಸಿದ್ದು ಸುಳ್ಳಲ್ಲ.

"ಕಟ್ಬುಡು," ಎಂದ ಮಾವ.

"ಮಾವ, ಇದ್ರಲ್ಲಿ ನಿನ್ನ ಹೆಸರಿಲ್ಲ."

"ಇಲ್ದಿದ್ರೆ ಓಯ್ತು ಬುಡು. ನಿಂದು ಮುಗೀತದಲ್ಲ. ನೀನಿನ್ನೂ ಬದ್ಕಿ ಬಾಳ್ಬೇಕಾದವ್ಳು. ಬರೋ ವರ್ಸ ನಾನು ರಿಟೈರು. ನನ್ತಾವ ಅದೇನ್ ಕಿತ್ಕತಾರೋ ಕಿತ್ಕಳ್ಲಿ."

ನಾನು ಮ್ಯಾನೇಜರ ಮುಖ ನೋಡಿದೆ. ಇಲ್ಲ, ನಿಮ್ಮನ್ನು ಯಾರೂ ಕೇಳುವುದಿಲ್ಲ ಎಂದು ಅವರು ಹೇಳುತ್ತಾರೆ ಎಂದು ಕಾದೆ. ಈಗ ತಾನೇ ಇಬ್ಬರದೂ ಮುಗಿದ ಹಾಗೆ ಎಂದಿದ್ದರಲ್ಲ. ಅವರು ಕಂಪ್ಯೂಟರಿನ ಕಡೆ ತಿರುಗಿ ಮೌಸು ಅಲ್ಲಾಡಿಸಿದರು.

ನಾನು ಬ್ಯಾಗಿನ ಜಿಪ್ಪು ಎಳೆದೆ. "ಎರಡು ಹೆಸರು ಬಂದ ದಿನ ಕಟ್ತೀನಿ ಸರ್. ದುಡ್ಡು ಅಕೌಂಟಲ್ಲೇ ಇರುತ್ತೆ," ಎಂದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. ಮೇಜಿನ ಮೇಲಿದ್ದ ಫೋನು ಎತ್ತಿಕೊಂಡು ಎದ್ದೆ.

ಮೆಟ್ಟಿಲಿಳಿದ ಮೇಲೆ ಮಾವ ರಸ್ತೆಯಲ್ಲೇ ನನ್ನ ಮೇಲೆ ಬಿದ್ದ. "ತಲೆ ಕೆಟ್ಟದಾ ನಿಂಗೆ? ಅಕ್ಕ ಕತ್ತಿಂದು ಮಾರವ್ಳೆ. ಬಾಯಿಗೆ ಬಂದಿದ್ದ ಬಿಟ್ಬುಟ್ಟು ಬಂದ್ಯಲ್ಲ. ನಾಳೆ ಕೋರ್ಟಿಗೆ ಎಳೀತಾರೆ, ಆಗ ಏನ್ಮಾಡ್ತೀಯ?"

ಅವನು ಕೊಡೆ ನನ್ನ ಕೈಗೆ ತುರುಕಿ, ಮಳೆಯಲ್ಲೇ ಬಸ್ ನಿಲ್ದಾಣದ ಕಡೆ ಹೊರಟ. ತಿರುಗಿ ನೋಡಲಿಲ್ಲ.

ಆ ಭಾನುವಾರ ಮುಗಿಯಲೇ ಇಲ್ಲ. ಎಷ್ಟೋ ದಿನದ ಮೇಲೆ ಮಹೇಶ ಫೋನು ಮಾಡಿ, "ಒಳ್ಳೇ ಚಾನ್ಸ್ ಕಳ್ಕೊಂಡ್ರಿ ಮೇಡಂ," ಎಂದ. ದನಿಯಲ್ಲಿ ಖುಷಿ ಇತ್ತು. ನಾನು ಮಾಡಿದ್ದು ಸರಿಯೋ, ಮೂರ್ತಿಗಳ ಮಾತನ್ನು ಕುರುಡಾಗಿ ನಂಬಿ ಎಲ್ಲರನ್ನೂ ಮುಳುಗಿಸಿದೆನೋ ತಿಳಿಯುತ್ತಿರಲಿಲ್ಲ. ಅವ್ವನಿಗೆ ನಡೆದದ್ದು ಹೇಳಿದ್ದೆ. ಅವಳು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮಳೆಗೆ ಕತ್ತಲಾಗಿದ್ದ ನಡುಮನೆಯಲ್ಲಿ ಯಾರದೋ ರವಿಕೆ ಹಿಡಿದು ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದಳು. ಒಮ್ಮೆ ಮಾತ್ರ ನಿಲ್ಲಿಸಿ, "ಅವ್ನು ಕಟ್ಬುಡು ಅಂದ್ನಾ?" ಎಂದು ಕೇಳಿದಳು. ಹೂಂ ಎಂದೆ. ಮತ್ತೆ ತುಳಿಯತೊಡಗಿದಳು.

ಸೋಮವಾರ ತಿಂಗಳ ಕೊನೆಯ ದಿನ. ಆತಗೂರಿನ ಹೆಂಗಸಿಗೆ ಸೂಜಿ ಹಾಕಿ, ಯಂತ್ರ ಶುರು ಮಾಡಿ, ಕೈ ತೊಳೆಯುತ್ತಿದ್ದಾಗ ಫೋನು ಸದ್ದು ಮಾಡಿತು. ಒದ್ದೆ ಕೈಯಲ್ಲೇ ತೆರೆದೆ. ಹೊಸ ಪತ್ರ. ಮೊತ್ತ ಅದೇ, ಕಟ್ಟಲು ಆ ದಿನವೇ ಕೊನೆ. ಮೇಲೆ ನನ್ನ ಹೆಸರು. ಅದರ ಕೆಳಗೆ, ಸಹ ಅರ್ಜಿದಾರ, ಸಿದ್ದರಾಜು. ಇಬ್ಬರ ಮೇಲೂ ಇನ್ನು ಯಾವ ಹಕ್ಕೂ ಇರುವುದಿಲ್ಲ ಎಂಬ ಸಾಲು. ಓದಿದೆ, ಮತ್ತೆ ಓದಿದೆ, ಆದರೂ ನಂಬಿಕೆ ಬರಲಿಲ್ಲ. ಮೂರ್ತಿಗಳ ಮಗನಿಗೆ ಕಳಿಸಿ, ಸಾಧ್ಯವಾದರೆ ಅಪ್ಪನಿಗೆ ಓದಿ ಹೇಳಿ ಎಂದು ಬೇಡಿಕೊಂಡೆ. ಅವರನ್ನು ಆಗಲೇ ವಾರ್ಡಿಗೆ ತಂದಿದ್ದರಂತೆ. ನಾನು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಬಿಪಿ ನೋಡುತ್ತಿದ್ದೆ, ಬರೆದ ಅಂಕಿ ಮರೆತು ಮತ್ತೆ ನೋಡುತ್ತಿದ್ದೆ. ಕೊನೆಗೆ ಫೋನು ಬಂತು.

"ಅಪ್ಪ ಎರಡು ಸಲ ಓದಿಸಿದರು. ಸರಿ ಇದೆಯಂತೆ. ಈಗ್ಲೇ ಹೋಗಿ ಕಟ್ಟು ಅಂದರು."

ನರ್ಸಿಗೆ ಯಂತ್ರಗಳನ್ನು ಒಪ್ಪಿಸಿ ಮದ್ದೂರಿನ ಬ್ಯಾಂಕಿಗೆ ಓಡಿದೆ. ಕೌಂಟರಿನ ಹೆಂಗಸು ಊಟಕ್ಕೆ ಏಳುವವರಿದ್ದರು. ನನ್ನ ಮುಖ ನೋಡಿ ಮತ್ತೆ ಕೂತರು. ಚೀಟಿಯ ಮೇಲೆ ಠಸ್ಸೆ ಬಿದ್ದ ಮೇಲೂ ಅಲ್ಲೇ ನಿಂತಿದ್ದೆ. "ಹೋಯ್ತಮ್ಮ, ಅವರಿಗೆ ಸೇರ್ತು," ಎಂದು ಅವರೇ ಹೇಳಬೇಕಾಯಿತು. ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಅಳು ಬರಬಹುದು ಅಂದುಕೊಂಡಿದ್ದೆ. ಹಸಿವಾಯಿತು. ಹೋಟೆಲಿಗೆ ಹೋಗಿ ಅನ್ನ ಸಾರು ತಿಂದೆ.

ಬಾಕಿ ಇಲ್ಲವೆಂಬ ಸರ್ಟಿಫಿಕೇಟಿಗೆ ಮತ್ತೆ ಓಡಾಡಿದೆ. ಅದು ದಸರಾ ಕಳೆದ ಮೇಲೆ ಕೈಗೆ ಬಂತು. ಅಷ್ಟರಲ್ಲಿ ಮೂರ್ತಿಗಳು ಕಿಟಕಿ ಪಕ್ಕದ ಹಾಸಿಗೆಗೆ ಮರಳಿದ್ದರು, ಅರ್ಧ ಆಗಿದ್ದರು. ಸರ್ಟಿಫಿಕೇಟನ್ನು ಕನ್ನಡಕ ಹಾಕಿಕೊಂಡು ಓದಿ, "ಶನಿವಾರ ಎದ್ದು ಬಂದೆಯಲ್ಲ, ಅಷ್ಟು ಧೈರ್ಯ ನಾನು ಹೇಳಿಕೊಟ್ಟಿರಲಿಲ್ಲ," ಎಂದರು.

ಒಂದು ಪ್ರತಿ ಹಿಡಿದುಕೊಂಡು ಕಿರುಗಾವಲಿಗೆ ಹೋದೆ. ಮಾವ ಅದನ್ನು ತೆಗೆದುಕೊಂಡು ಮನೆಯ ಸಾಲ ಕೇಳಲು ಬ್ಯಾಂಕಿಗೆ ಹೋದ; ನಾನು ಅತ್ತೆಯ ಜೊತೆ ಪಡಸಾಲೆಯಲ್ಲಿ ಕೂತಿದ್ದೆ. ಅತ್ತೆ ಕಾಫಿ ಕೊಟ್ಟಳು, ಮಾತು ಕೊಡಲಿಲ್ಲ. ಮಾವ ಬಂದು ಚಪ್ಪಲಿ ಬಿಟ್ಟು ಕೂತ.

"ಆಗಕಿಲ್ವಂತೆ. ಪೂರ್ತಿ ಕಟ್ಟಿಲ್ಲ, ರಾಜಿ ಆಗದೆ ಅಂತ ಬಂದದಂತೆ. ಇನ್ನೂ ಕೆಲವು ವರ್ಸ ಬ್ಯಾಡ ಅಂದ್ರು."

ನನಗೆ ಗೊತ್ತಿತ್ತು, ಮೂರ್ತಿಗಳು ಮೊದಲೇ ಹೇಳಿದ್ದರು. ಆದರೂ ಬಿಸಿ ಲೋಟ ಕೈಯಲ್ಲಿ ಭಾರವಾಯಿತು. ಅತ್ತೆಯ ಬಾಯಿ ಶುರುವಾಗುತ್ತದೆಂದು ತಲೆ ತಗ್ಗಿಸಿದೆ.

"ಕೋರ್ಟಿಗೆ ಬರಾಕಿಲ್ಲ ತಾನೆ ಅವ್ರು?" ಎಂದಳು ಅತ್ತೆ.

"ಇನ್ ಬರಾಕಿಲ್ಲ."

"ಬಸ್ಸಿನ ತಾವ?"

"ಇಲ್ಲ."

"ಹಂಗಾದ್ರೆ ಬುಡಿ. ರಿಟೈರ್ ದುಡ್ಡು ಬಂದ್ಮೇಲೆ ಕಟ್ಸಣ. ಇಷ್ಟ್ ದಿನ ಇದ್ದಿಲ್ವಾ ಈ ಮನೇಲಿ." ಅವಳು ಎದ್ದು ಅಡುಗೆಮನೆಗೆ ಹೋದಳು. ಒಳಗಿಂದಲೇ, "ಮುದ್ದೆಗೆ ಎಸ್ರಿಟ್ಟಿವ್ನಿ, ಉಂಡ್ಕಂಡ್ ಓಗು," ಎಂದಳು. ಅದು ನನಗೆ ಹೇಳಿದ್ದು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಉಂಡ ಮೇಲೆ ಮಾವ ಬಸ್ಸಿನವರೆಗೆ ಬಂದ. ಮಳೆ ಹಿಂದೆಗೆದಿತ್ತು, ಗದ್ದೆಗಳಲ್ಲಿ ಭತ್ತ ತೆನೆಯೊಡೆಯಲು ಹೊಡೆ ತುಂಬಿ ನಿಂತಿತ್ತು. ಇಬ್ಬರೂ ರಸ್ತೆಯ ಅಂಚಿನಲ್ಲಿ ನಿಂತೆವು. ಅವನು ಆಚೆ ಈಚೆ ನೋಡುತ್ತ ಇದ್ದ.

"ಅವತ್ತು ನಿನ್ ಮೇಲೆ ಬಾಯ್ ಮಾಡ್ದೆ," ಎಂದ ಕೊನೆಗೆ.

"ಇರ್ಲಿ ಬಿಡು ಮಾವ."

"ಇರು, ಏಳ್ತೀನಿ. ಕಟ್ಬುಡು ಅಂದಿದ್ದು ದಿಟವಾಗೇ ಅಂದಿದ್ದು ಕಣಮ್ಮಿ. ಸುಮ್ನೆ ಅಂದಿದ್ದಲ್ಲ." ಅವನು ರಸ್ತೆಯನ್ನೇ ನೋಡುತ್ತಿದ್ದ. "ನಾನ್ ಏಳ್ದೆ ಅಂತ ನೀನ್ ಕಟ್ಬುಟ್ಟಿದ್ರೆ ನಾನೇನೂ ಅಂತಿರ್ಲಿಲ್ಲ. ಆದ್ರೆ ಆಮ್ಯಾಕೆ ನಿನ್ ಮಕ ನೋಡ್ತಿರ್ಲಿಲ್ಲ."

ಅಷ್ಟರಲ್ಲಿ ಮಳವಳ್ಳಿ ಬಸ್ಸು ಬಂತು. ಮಾವ ರಸ್ತೆಗಿಳಿದು ಕೈ ಅಡ್ಡ ಹಿಡಿದು ನಿಲ್ಲಿಸಿದ. ನಾನು ಹತ್ತಿದ ಮೇಲೆ ಡ್ರೈವರಿನ ಕಿಟಕಿಯ ಹತ್ತಿರ ಹೋಗಿ ತಲೆಯೆತ್ತಿ, ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ನಮ್ಮುಡ್ಗಿ ಕಣ್ಲಾ, ಅಕ್ಕನ ಮಗ್ಳು. ಮಳವಳ್ಳೀಲಿ ಮಂಡ್ಯ ಬಸ್ಸಿಗೆ ವಸಿ ನೋಡಿ ಅತ್ಸು."